ಕೋಸಿನ ಹೊಲದಲ್ಲಿ ಒಂದು ತಪಾಸಣೆ

ಎಲೆಕೋಸು ಕೊಳೆತರೆ ಅದರ ನಾತ ಉಟ್ಟ ಬಟ್ಟೆಗೂ ಹತ್ತುತ್ತದೆ. ಮಧುವನಹಳ್ಳಿಯ ಆ ಹೊಲದಲ್ಲಿ ಕೆಳಗಿನ ಸಾಲುಗಳ ಗಡ್ಡೆ ಒತ್ತಿದರೆ ಬೆರಳು ಒಳಗೇ ಇಳಿಯುತ್ತಿತ್ತು. ಮೊದಲು ಹಸಿರು ಹುಳು ಬಿದ್ದು ಎಲೆ ತೂತು ಮಾಡಿತ್ತು. ಆಮೇಲೆ ಮಾಗಿಯ ಇಬ್ಬನಿ. ಸಾಲದ್ದಕ್ಕೆ ತಗ್ಗಿನಲ್ಲಿ ನಿಂತ ನೀರನ್ನು ಯಾರೂ ಕಾಲುವೆ ಕಡಿದು ಆಚೆ ಬಿಟ್ಟಿರಲಿಲ್ಲ. ತೂತಿನೊಳಗೆ ನೀರು ಹೋಯಿತು, ಗಡ್ಡೆ ಕೊಳೆಯಿತು. ಇಷ್ಟೇ ವಿಷಯ. ಬಿ.ಎಸ್ಸಿ ಓದಿ ಯಳಂದೂರಿನಿಂದ ಹೊಲದೊಡೆಯರ ಮನೆಗೆ ಸೊಸೆಯಾಗಿ ಬಂದಿದ್ದ ಕುಸುಮಳಿಗೆ ಇದು ಗೊತ್ತಿತ್ತು.

ಕೂಲಿಗೆ ಬಂದ ಹೆಂಗಸರ ಜೊತೆ ಅವಳೂ ಬಗ್ಗಿ ಹುಳು ಆಯುತ್ತಿದ್ದಳು, ಕೊಳೆತದ್ದನ್ನು ಕಿತ್ತು ಮಂಕರಿಗೆ ಹಾಕುತ್ತಿದ್ದಳು. ಅತ್ತೆ ಗುರುಸಿದ್ದಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬದುವಿನ ಮೇಲೆ ಬಂದು ನಿಂತಳು.

"ಯಾರ್ರೇ ನಿಮ್ಮಲ್ಲಿ ಒರ್ಗಾಗಿರೋರು? ಮುಟ್ಟಾದೋರು ಕಾಲಿಟ್ರೆ ಕೋಸು ಕೊಳೀದೆ ಇದ್ದದಾ?"

"ನಂಗೆ ನಿಂತೋಗಿ ಯಾವ್ ಕಾಲಾಯ್ತು ಅಮ್ಮಾವ್ರೆ. ಉಳಾನೇ ಕೇಳಿ, ಅವುಕ್ಕೇನಾರ ಆಗದಾ ಅಂತ," ಎಂದಳು ಕೂಲಿಯವರಲ್ಲಿ ಹಿರಿಯಳಾದ ಚಿಕ್ಕನಿಂಗಮ್ಮ.

ಹೆಂಗಸರು ನಕ್ಕರು. ಗುರುಸಿದ್ದಮ್ಮ ನಗಲಿಲ್ಲ. ಅವಳ ಕಣ್ಣು ಭವ್ಯಳ ಮೇಲೆ ನಿಂತಿತು. ಕೂಲಿಯವರಲ್ಲಿ ಹರೆಯದವಳು ಭವ್ಯ ಒಬ್ಬಳೇ. ಊರಾಚೆಯ ಕೇರಿಗೆ ಸೊಸೆಯಾಗಿ ಬಂದವಳು.

"ಬೆಳಗ್ಗಿಂದ ತೊಟ್ಟಿ ತಾವ್ಕೆ ಓಗ್ತಾ ಬರ್ತಾ ಅವ್ಳೆ. ನೀನೇ ಕಣೇ."

"ನೀರ್ ಕುಡಿಯಾಕೆ ಓದೆ. ಇಲ್ಲಿ ನಂಗೆ ಲೋಟ ಕೊಡಲ್ವಲ್ಲ, ಬೊಗಸೇಲಿ ಕುಡೀಬೇಕು."

"ಮಾತಾಡ್ತಳೆ ನೋಡು! ಮಾದಪ್ಪನ ಮೇಲೆ ಆಣೆ ಮಾಡು."

"ನನ್ ಮೈ ವಿಚಾರಕ್ಕೆ ಮಾದಪ್ಪನ್ನ ಯಾಕೆ ಕರೀಲಿ?"

"ಆಣೆ ಮಾಡಲ್ವಾ? ಆಯ್ತು. ಚಿಕ್ಕನಿಂಗಿ, ಇವಳ್ನ ಪಂಪ್‌ಸೆಟ್ ಮನೆಗೆ ಕರ್ಕಂಡೋಗಿ ನೋಡು. ಇಲ್ದಿದ್ರೆ ನಾಳಿಂದ ನೀವ್ಯಾರೂ ಕೆಲ್ಸಕ್ಕೆ ಬರ್ಬ್ಯಾಡಿ."

ಮುಟ್ಟಾಗಿದ್ದವಳು ಕುಸುಮ. ಹಿಂದಿನ ದಿನವೇ ಆಗಿತ್ತು. ಹೇಳಿದ್ದರೆ ಹಿತ್ತಲ ಜಗಲಿಯಲ್ಲಿ ಚಾಪೆ, ಬೇರೆ ತಟ್ಟೆ. ಅದು ಬೇಡವೆಂದೇ ಮುಚ್ಚಿಟ್ಟಿದ್ದಳು. ಕೋಸು ಕೊಳೆಯಲು ಶುರುವಾಗಿದ್ದು ಅದಕ್ಕೂ ಮೊದಲು, ಹೋದ ವಾರ. ಆದರೂ ಬೆಳಗ್ಗೆ ಮೊದಲ ಗಡ್ಡೆ ಕೈಯಲ್ಲಿ ಪಿಚಕ್ಕೆಂದಾಗ, ನನ್ನಿಂದಲೇ ಏನೋ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತ್ತು. ಓದಿದ್ದೆಲ್ಲ ಎಲ್ಲಿ ಹೋಗಿತ್ತು? ಈಗ ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಚಿಕ್ಕನಿಂಗಮ್ಮ ತಲೆ ತಗ್ಗಿಸಿಕೊಂಡು ಭವ್ಯಳ ರಟ್ಟೆ ಹಿಡಿದಳು. "ಬಾರವ್ವ, ಒಂದ್ ಗಳ್ಗೆ." ಭವ್ಯ ಉಳಿದ ಹೆಂಗಸರ ಮುಖ ನೋಡಿದಳು. ಎಲ್ಲರಿಗೂ ನಾಳೆಯ ಕೂಲಿ ಬೇಕಿತ್ತು. ತಗಡಿನ ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಿತು. ಕುಸುಮ ಗಡ್ಡೆಯೊಂದರ ಎಲೆ ಸುಲಿಯುತ್ತಾ ಹೋದಳು. ಹುಳು ಸಿಕ್ಕಿತು, ಹಿಸುಕಿದಳು. ಇನ್ನೊಂದು ಹುಡುಕಿದಳು.

ಬಾಗಿಲು ತೆರೆಯಿತು. "ಏನೂ ಇಲ್ಲ," ಎಂದು ಚಿಕ್ಕನಿಂಗಮ್ಮ ನೆಲ ನೋಡಿಕೊಂಡು ಹೇಳಿದಳು.

"ಇಲ್ದಿದ್ರೆ ಬುಡು. ಕೆಲ್ಸ ನೋಡ್ಕಳಿ."

ಅಷ್ಟೇ. ಒಂದು ಹೆಣ್ಣಿನ ಬಟ್ಟೆ ಬಿಚ್ಚಿಸಿ ನೋಡಿದ್ದಕ್ಕೆ ಆ ಹೊಲದಲ್ಲಿ ಅಷ್ಟೇ ಮಾತು. ಭವ್ಯ ಮಂಕರಿ ಮುಟ್ಟಲಿಲ್ಲ. ಬುತ್ತಿ ಚೀಲ ತೆಗೆದುಕೊಂಡು ಬದು ಹತ್ತಿದಳು.

ಕುಸುಮ ಅತ್ತೆಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಅತ್ತೆ, ಆಗಿರೋದು ನಂಗೆ. ನೆನ್ನೆಯಿಂದ."

ಗುರುಸಿದ್ದಮ್ಮ ಸೊಸೆಯ ಮುಖ ನೋಡಿದಳು, ಹೆಂಗಸರ ಕಡೆ ನೋಡಿದಳು. "ಬಾಯ್ ಮುಚ್ಚು. ಮನೆ ಮರ್ವಾದೆ ಕಳೀಬ್ಯಾಡ," ಎಂದು ಹಲ್ಲು ಕಚ್ಚಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಕೂಗಿದಳು: "ನೀರ್ ನಿಂತು ಕೊಳ್ತದೆ ಕಣ್ರೇ! ಆ ತಗ್ಗಿನ್ ನೀರ್ನ ಆಚ್ಗೆ ಕಡೀರಿ!"

ಅಂದರೆ ಅವಳಿಗೂ ಗೊತ್ತಿತ್ತು.

ಕುಸುಮ ಓಡಿದಳು. ರಸ್ತೆಗೆ ಹತ್ತುವಲ್ಲಿ ಭವ್ಯ ಸಿಕ್ಕಳು.

"ಭವ್ಯಾ, ಆಗಿದ್ದಿದ್ದು ನಂಗೆ ಕಣೇ. ಹೆದ್ರಿಕೊಂಡು ಹೇಳ್ಲಿಲ್ಲ. ತಪ್ಪಾಯ್ತು."

"ಇದ್ನ ನನ್ ಕಿವೀಲಿ ಯಾಕಕ್ಕ ಏಳೀರಿ? ನನ್ನ ಒಳಿಕ್ಕೆ ಎಳ್ಕಂಡೋಗಿದ್ದು ಎಲ್ರ ಎದ್ರುಗೆ." ಹೇಳಿದವಳು ನಿಲ್ಲಲಿಲ್ಲ.

ಕುಸುಮ ವಾಪಸು ಬಂದು ಸಾಲಿನ ನಡುವೆ ನಿಂತಳು. "ಮುಟ್ಟಾಗಿರೋಳು ನಾನು," ಎಂದು ಕೂಗಿದಳು. ದನಿ ಒಡೆಯಿತು. ಇನ್ನೊಮ್ಮೆ ಕೂಗಿದಳು. ಹೆಂಗಸರ ಕೈ ನಿಂತವು. ರಸ್ತೆಯಲ್ಲಿ ಭವ್ಯ ತಿರುಗಿ ನೋಡಲಿಲ್ಲ.

ಚಿಕ್ಕನಿಂಗಮ್ಮ ಸೊಂಟ ನೆಟ್ಟಗೆ ಮಾಡಿ ಎದ್ದಳು. "ಅಮ್ಮಾವ್ರೆ, ಇವ್ರನ್ನೂ ಒಳಿಕ್ಕೆ ಕರ್ಕಂಡೋಗಿ ನೋಡ್ಲಾ?"

ಈ ಸಲ ಯಾರೂ ನಗಲಿಲ್ಲ. ಗುರುಸಿದ್ದಮ್ಮ ತಗ್ಗಿನ ನೀರಿನ ಕಡೆ ತಿರುಗಿಕೊಂಡಳು. ಕುಸುಮ ಅಲ್ಲೇ ನಿಂತು ಕಾದಳು. ಯಾರೂ ಅವಳ ರಟ್ಟೆ ಹಿಡಿಯಲಿಲ್ಲ.