ಗೊರಕೆಗೆ ಕತ್ತರಿ ಹಾಕಿಸುವ ಮುನ್ನ

ಬಡಗಿಯ ಗೊರಕೆ ಗೋಡೆ ದಾಟಿ ಪಕ್ಕದ ಮನೆಗೂ ಕೇಳುತ್ತಿತ್ತು. "ರಾತ್ರಿಯೂ ಮರ ಕೊಯ್ತೀಯೇನಪ್ಪಾ?" ಎಂದು ಅಲ್ಲಿನ ಅಜ್ಜಿ ಕೇಳಿದರೆ ಅವನೂ ನಗುತ್ತಿದ್ದ. ಆದರೆ ಒಂದು ಮಧ್ಯಾಹ್ನ ಗರಗಸದ ಮೆಷಿನ್ನಿಗೆ ಹಲಗೆ ಕೊಡುವಾಗ ಕಣ್ಣು ಹಾಗೇ ಮುಚ್ಚಿಹೋಯಿತು. ಜೊತೆ ಕೆಲಸದವನು ಸ್ವಿಚ್ ಆರಿಸದಿದ್ದರೆ ಬೆರಳು ಹೋಗುತ್ತಿತ್ತು.

"ಆಪರೇಷನ್ ಮಾಡಿಸಿಬಿಡ್ತೀನಿ," ಎಂದ ಹೆಂಡತಿಗೆ. "ಅಂಗುಳ ಒಂದಿಷ್ಟು ಕತ್ತರಿಸಿದ್ರೆ ಗೊರಕೆ ಜನ್ಮಕ್ಕೂ ಬರಲ್ವಂತೆ. ಜಾಹೀರಾತಲ್ಲೇ ಹಾಕಿದ್ದಾರೆ."

ಹೆಂಡತಿಯ ತಂಗಿ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ನರ್ಸ್. ಸುದ್ದಿ ಕೇಳಿ ರಜೆ ದಿನ ಬಂದಳು.

"ಭಾವ, ಆಪರೇಷನ್ನಿಂದ ಕೆಲವರಿಗೆ ಅನುಕೂಲ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ಎಷ್ಟೋ ಜನಕ್ಕೆ ವರ್ಷಗಳು ಕಳೆದ ಹಾಗೆ ಗೊರಕೆ ವಾಪಸ್ ಬರುತ್ತೆ. ನುಂಗೋಕೆ ಕಷ್ಟ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ದನಿ ಬದಲಾಗೋದು, ಇಂಥವು ಕೆಲವರಿಗೆ ಉಳಿದೂಬಿಡುತ್ವೆ. ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕಾಗಲ್ಲ."

"ಮರಕ್ಕಾದ್ರೆ ಅಂಟು ಇದೆ," ಬಡಗಿ ಗೊಣಗಿದ. "ಮತ್ತೆ ಹೀಗೇ ತೂಕಡಿಸ್ತಾ ಇರಲಾ?"

"ಅದೂ ಬೇಡ. ಅಕ್ಕಾ, ನಿದ್ದೇಲಿ ಇವರ ಉಸಿರು ನಿಲ್ಲುತ್ತಾ?"

ಅಕ್ಕ ಗಂಡನ ಮುಖ ನೋಡಿದಳು. "ನಿಲ್ಲುತ್ತೆ ಕಣೆ. ಎಷ್ಟೋ ಸಲ ಭಯ ಬಿದ್ದು ಭುಜ ಅಲುಗಾಡಿಸಿದ್ದೀನಿ."

"ನಂಗ್ಯಾಕೆ ಹೇಳಲಿಲ್ಲ?" ಬಡಗಿ ಹೆಂಡತಿಯನ್ನು ಕೇಳಿದ.

"ಹೇಳಿದ್ರೆ ನಗಾಡ್ತಿದ್ರಲ್ಲ."

ಮರುದಿನವೇ ಬಡಗಿ ಆಸ್ಪತ್ರೆಗೆ ಹೊರಟ. ನಿದ್ದೆಯ ಪರೀಕ್ಷೆಯಲ್ಲಿ ಉಸಿರುಕಟ್ಟುವ ಕಾಯಿಲೆ ಇರುವುದು, ಅದರಿಂದಲೇ ರಾತ್ರಿ ನಿದ್ದೆ ಕೆಟ್ಟು ಹಗಲು ತೂಕಡಿಕೆ ಬರುವುದು ಗೊತ್ತಾಯಿತು. "ಮಲಗುವಾಗ ಗಾಳಿ ಕೊಡೋ ಯಂತ್ರದ ಮಾಸ್ಕ್ ಹಾಕ್ಕೊಳ್ಳಿ," ಎಂದರು ಡಾಕ್ಟರು. "ತೂಕ ಇಳಿಸಿ, ಕುಡಿತ ಬಿಡಿ, ಮಗ್ಗುಲಾಗಿ ಮಲಗಿ. ಇದರಿಂದ ಗುಣ ಕಾಣದಿದ್ರೆ ಆಪರೇಷನ್ ವಿಚಾರ ಕೂತು ಮಾತಾಡೋಣ."

ಉದ್ದ ಕೊಳವೆಯ ಮಾಸ್ಕ್ ಹಾಕಿಕೊಂಡ ಗಂಡನನ್ನು ಕಂಡು, "ಆನೆಮರಿ ಥರ ಕಾಣ್ತೀರಿ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಮೊದಲು ಅವನಿಗೆ ಕಿರಿಕಿರಿಯಾಯಿತು, ಆಮೇಲೆ ರೂಢಿಯಾಯಿತು. ಕೆಲಸದ ಹೊತ್ತಿನ ತೂಕಡಿಕೆ ಹೋಯಿತು. ಒಂದು ಬೆಳಿಗ್ಗೆ ಅವನೇ ಮೊದಲು ಎದ್ದ. ಇಷ್ಟು ಕಾಲ ತನ್ನ ಉಸಿರು ಕಾಯುತ್ತಿದ್ದವಳು ಮೈಮರೆತು ಮಲಗಿದ್ದಳು. ಎಬ್ಬಿಸಲು ಮನಸ್ಸಾಗದೆ, ತಾನೇ ಚಹಾಕ್ಕೆ ನೀರಿಟ್ಟ.

ನಿಮ್ಮ ಮನೆಯಲ್ಲೂ ಗೊರಕೆಯ ನಡುವೆ ಯಾರದಾದರೂ ಉಸಿರು ನಿಲ್ಲುತ್ತಿದೆಯೇ? ಹಗಲಲ್ಲಿ ತೂಕಡಿಕೆ ಬರುತ್ತಿದೆಯೇ? ನಕ್ಕು ಸುಮ್ಮನಾಗಬೇಡಿ, ಮೊದಲು ಪರೀಕ್ಷೆ ಮಾಡಿಸಿ. ಆಪರೇಷನ್ನಿಗೆ ಒಪ್ಪುವ ಮುಂಚೆ ಡಾಕ್ಟರನ್ನು ಕೇಳಿ: ಇದರ ಗುಣ ಎಷ್ಟು ವರ್ಷ ನಿಲ್ಲುತ್ತೆ? ಏನೇನು ತೊಂದರೆ ಉಳಿಯಬಹುದು? ಬೇರೆ ದಾರಿ ಇದೆಯಾ? ಸಂಕೋಚ ಬೇಡ. ಗಂಟಲು ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.