ತಲೆಗೆ ತಾಗಿದ ಬಟ್ಟೆ

ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಕ್. ಬಟ್ಟೆಯ ಕ್ಲಿಪ್ಪು ನೆಲಕ್ಕೆ ಬಿದ್ದ ಸದ್ದು. ಸಬೇ ಕಣ್ಣು ಬಿಟ್ಟಳು. ಪಕ್ಕದಲ್ಲಿ ಗಂಡ ಇರಲಿಲ್ಲ. ಆಗ ರಾತ್ರಿ ಒಂದೂಕಾಲು ಗಂಟೆ. ವೃದ್ಧಾಶ್ರಮದಲ್ಲಿ ಎರಡು ಪಾಳಿ ಮುಗಿಸಿ ಬಂದು ಅವಳು ಮಲಗಿ ಒಂದು ಗಂಟೆಯೂ ಆಗಿರಲಿಲ್ಲ.

ಅಡುಗೆಮನೆಯ ದೀಪ ಹಾಕಿರಲಿಲ್ಲ. ಎದುರು ಬ್ಲಾಕಿನಿಂದ ಬೀಳುತ್ತಿದ್ದ ಬೆಳಕಿನಲ್ಲಿ ಲಿನ್ ಟೆಟ್ ಕೊಡೆ ಹಿಡಿದು ನಿಂತಿದ್ದ. ಚಾವಣಿಗೆ ತೂಗುಹಾಕಿದ ಬಿದಿರು ಗಳದ ಮೇಲೆ ಅವಳ ಹಸಿರು ಟಮೇನ್ ಇತ್ತು, ದಿನಾ ಸೊಂಟಕ್ಕೆ ಸುತ್ತುವ ಬಟ್ಟೆ. ಕೊಡೆಯ ತುದಿಯಿಂದ ಅದನ್ನು ಎತ್ತಿ, ಮೈಯಿಂದ ಆದಷ್ಟು ದೂರ ಹಿಡಿದು, ಸತ್ತ ಹಾವನ್ನು ಸಾಗಿಸುವವನಂತೆ ನಡೆದು ಅವನು ಅದನ್ನು ನೆಲ ಒರೆಸುವ ಬಕೆಟ್ಟಿಗೆ ಹಾಕಿದ.

“ಏನ್ ಮಾಡ್ತಿದೀಯ, ಲಿನ್?”

ಅವನು ಬೆಚ್ಚಿಬಿದ್ದ. “ಮೆಲ್ಲಗೆ ಮಾತಾಡು. ಆಂಟಿ ಏಳ್ತಾರೆ,” ಎಂದು ಮನೆಯೊಡತಿಯ ಕೋಣೆಯತ್ತ ನೋಡಿದ.

“ಅದು ನನ್ನ ಬಟ್ಟೆ. ಬಕೆಟ್ಟಲ್ಲಿ ಯಾಕೆ ಹಾಕ್ದೆ?”

“ಗಂಡಸರು ಓಡಾಡೋ ಜಾಗದಲ್ಲಿ ತಲೆ ಮೇಲೆ ಟಮೇನ್ ನೇತುಹಾಕಿದೀಯಲ್ಲ, ನಿಂಗೆ ಬುದ್ಧಿ ಇದೆಯಾ? ಆಗಲೇ ನೀರು ಕುಡಿಯೋಕೆ ಎದ್ದು ಬಂದೆ. ಕತ್ತಲು. ನೇರ ತಲೆಗೇ ತಾಗ್ತು. ಅದೂ ಒದ್ದೆ.” ಮತ್ತೊಮ್ಮೆ ತಾಗಿತೇನೋ ಎಂಬಂತೆ ಅವನು ನೆತ್ತಿ ಒರೆಸಿಕೊಂಡ. “ಬೆಳಿಗ್ಗೆ ಒಂಬತ್ತೂವರೆಗೆ ಇಂಟರ್‌ವ್ಯೂ. ಇವತ್ತೇ ಆಗಬೇಕಿತ್ತಾ ಇದು?”

ಸಬೇ ಈ ಮನೆಗೆ ಬಂದ ನಾಲ್ಕು ತಿಂಗಳಿಂದ ಟಮೇನನ್ನು ಕುರ್ಚಿಯ ಕಾಲಿಗೆ, ಕಿಟಕಿಯ ಕೆಳಗಿನ ಮೂಲೆಗೆ ಹರಡಿ, ಅದರಿಂದ ಮುಗ್ಗಲು ವಾಸನೆ ಬಂದರೂ ಸುಮ್ಮನಿದ್ದವಳು. ಊರಿನಲ್ಲಿ ಅವಳಮ್ಮ ಹಿತ್ತಲಿನಲ್ಲಿ, ಸೊಂಟದೆತ್ತರದ ಹಗ್ಗಕ್ಕೇ ಹಾಕುತ್ತಿದ್ದಳು. ಹೆಂಗಸರ ಕೆಳಬಟ್ಟೆಯ ಅಡಿಯಲ್ಲಿ ನಡೆದರೆ ಗಂಡಸಿನ ಕಳೆ ಇಳಿಯುತ್ತದೆ ಎನ್ನುವುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ.

“ಸಂಜೆ ಮಳೆ ಬಂತು. ಆಂಟಿ ಎತ್ತಿ ಮೇಲೆ ಹಾಕಿದಾರೆ. ಅವರು ಚೀನೀಯರು, ಅವರಿಗೇನು ಗೊತ್ತು? ನಾನು ಆ ಹೊತ್ತಿಗೆ ಒಂಬತ್ತು ಮುದುಕರ ಮೈ ಒರೆಸ್ತಿದ್ದೆ.”

“ಆಂಟಿಗೆ ಮೊದಲೇ ಹೇಳಿಡಬೇಕಿತ್ತು.”

“ನೀನೇ ಹೇಳಬಹುದಿತ್ತು. ದಿನವೆಲ್ಲ ಮನೇಲಿ ಇರೋನು ನೀನೇ ತಾನೆ.”

ಮಾತು ಬಾಯಿಂದ ಬಿದ್ದ ಮೇಲೆ ಅದು ಎಲ್ಲಿ ತಾಗಿತೆಂದು ಅವಳಿಗೆ ಗೊತ್ತಾಯಿತು. ಸಿಂಗಪುರಕ್ಕೆ ಅವಳು ಕೆಲಸದ ಮೇಲೆ ಬಂದವಳು, ಅವನು ಸಂದರ್ಶಕನಾಗಿ ಬಂದವನು. ಅವನ ವೀಸಾ ಒಮ್ಮೆ ಮುಂದಕ್ಕೆ ಹೋಗಿತ್ತು, ಮತ್ತೆ ಹೋಗದು. ಉಳಿದದ್ದು ಆರು ದಿನ. ಅಷ್ಟರಲ್ಲಿ ಕೆಲಸ ಸಿಗದಿದ್ದರೆ ಯಾಂಗೊನ್‌ಗೆ ವಾಪಸು. ಅಲ್ಲಿ ವಿಮಾನ ಇಳಿದ ಅವನ ವಯಸ್ಸಿನ ಗಂಡಸರನ್ನು ಸೈನ್ಯಕ್ಕೆ ಎಳೆದೊಯ್ಯುತ್ತಿದ್ದರು.

“ಅಮ್ಮಂಗೆ ಫೋನ್ ಮಾಡಿದ್ದೆ,” ಎಂದ ಅವನು. “ಬೆಳಗಾಗೋಕೆ ಮುಂಚೆ ಒಂಬತ್ತು ಸಲ ತಲೆಗೆ ನೀರು ಹಾಕ್ಕೋ ಅಂದ್ರು. ನಿಂಗೂ ಒಂದು ಮಾತು ಹೇಳು ಅಂದ್ರು.”

“ಏನಂತೆ?”

“ದುಡಿಯೋ ಹೆಂಡತಿಗೆ ಗಂಡನ ತಲೆ ಎಲ್ಲಿದೆ ಅನ್ನೋದು ಮರೆತುಹೋಗುತ್ತಂತೆ.”

ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ನೀರು ಸುರಿಯುವುದು ಕೇಳಿಸಿತು. ಸಬೇ ಬಕೆಟ್ಟಿನಿಂದ ಟಮೇನನ್ನು ಹಿಂಡಿ ತೆಗೆದಳು. ಫಿನಾಯಿಲ್ ವಾಸನೆ ಅದಕ್ಕಾಗಲೇ ಹತ್ತಿತ್ತು.

ಅವಳಿಗೆ ನೆನಪಾದದ್ದು ನಾಲ್ಕು ವರ್ಷದ ಹಿಂದಿನ ಒಂದು ಮಾರ್ಚ್. ಸೈನ್ಯ ದೇಶವನ್ನು ಕೈಗೆ ತೆಗೆದುಕೊಂಡ ಮರುತಿಂಗಳು. ಅವರ ಓಣಿಯ ಹೆಂಗಸರು ಈ ಕಡೆಯ ಕಂಬದಿಂದ ಆ ಕಡೆಯ ಕಂಬಕ್ಕೆ ಹಗ್ಗ ಕಟ್ಟಿಸಿ ತಮ್ಮ ಟಮೇನುಗಳನ್ನೆಲ್ಲ ನೇತುಹಾಕಿದ್ದರು. ಸೈನಿಕರ ಲಾರಿ ಓಣಿಯ ಬಾಯಲ್ಲೇ ನಿಂತುಬಿಟ್ಟಿತು. ಬಂದೂಕು ಹಿಡಿದ ಗಂಡಸರು ಬಟ್ಟೆಯ ಅಡಿಗೆ ಬರಲು ಹೆದರಿ ಕೋಲು ಹುಡುಕುತ್ತಿದ್ದರು. ಅಷ್ಟರಲ್ಲಿ ಪ್ರತಿಭಟನೆಗಿಳಿದಿದ್ದ ಹುಡುಗರು ಹಿಂದಿನ ಗೋಡೆ ಹಾರಿ ಪಾರಾದರು. ಆ ಹಗ್ಗವನ್ನು ಲೈಟುಕಂಬ ಹತ್ತಿ ಕಟ್ಟಿದವನು ಇದೇ ಲಿನ್ ಟೆಟ್. ಕಟ್ಟಿ ಇಳಿದು, ಅವಳ ಕೆಂಪು ಟಮೇನಿನ ಕೆಳಗೆ ನಾಲ್ಕು ಸಲ ಆ ಕಡೆ ಈ ಕಡೆ ಓಡಾಡಿ, “ನನ್ನ ಕಳೆ ಇಷ್ಟಕ್ಕೇ ಹೋಗೋದಾದ್ರೆ ಹೋಗ್ಲಿ, ಅಂಥಾ ಕಳೆ ನಂಗೆ ಬೇಡ,” ಎಂದು ನಕ್ಕಿದ್ದ. ಅವಳು ಅವನನ್ನು ಮದುವೆಯಾಗಲು ಒಪ್ಪಿದ್ದೇ ಆ ಮಧ್ಯಾಹ್ನ.

ಅದೇ ಮನುಷ್ಯ ಈಗ ಕೋಲು ಹಿಡಿದಿದ್ದ.

ಇಂಟರ್‌ವ್ಯೂಗೆಂದು ಅವಳೇ ಇಸ್ತ್ರಿ ಮಾಡಿದ್ದ ಬಿಳಿ ಶರ್ಟು ಕೋಣೆಯ ಬಾಗಿಲಿಗೆ ತೂಗುತ್ತಿತ್ತು. ಅವಳು ಸೂಜಿ, ದಾರ, ಕತ್ತರಿ ತಂದಳು. ಟಮೇನಿನ ಮೇಲಂಚಿನಲ್ಲಿ, ಸೊಂಟಕ್ಕೆ ಬಿಗಿಯುವ ಕಪ್ಪು ಪಟ್ಟಿಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿದಳು. ಕೂದಲು ಒಣಗಿಸುವ ಯಂತ್ರದಿಂದ ಅದನ್ನು ಒಣಗಿಸಿದಳು. ಶರ್ಟಿನ ಕಾಲರು ಹಿಂಗತ್ತಿಗೆ ಸೇರುವಲ್ಲಿ ಹೊಲಿಗೆ ಬಿಚ್ಚಿ, ತುಂಡನ್ನು ಒಳಗೆ ತೂರಿಸಿ, ಮತ್ತೆ ಹೊಲಿದಳು. ಅಮ್ಮ ದರ್ಜಿ, ಹೊಲಿಗೆ ಅವಳ ಕೈಯಲ್ಲೇ ಇತ್ತು. ಸಿಟ್ಟಿನಲ್ಲಿ ಅದು ಇನ್ನಷ್ಟು ನೇರವಾಗಿ ಬಂತು.

ಹಿಂದೆ ಯುದ್ಧಕ್ಕೆ ಹೋಗುವ ಮಗನ ತಲೆಗೆ ತಾಯಿ ತನ್ನ ಟಮೇನಿನ ತುಂಡು ಕಟ್ಟಿ ಕಳಿಸುತ್ತಿದ್ದಳಂತೆ. ತಾಯಿಯದಾದರೆ ರಕ್ಷೆ, ಹೆಂಡತಿಯದಾದರೆ ಮೈಲಿಗೆ. ಹಾಗಾದರೆ ಹೊತ್ತುಕೊಂಡು ಹೋಗಲಿ ಮೈಲಿಗೆಯನ್ನು, ಕತ್ತಿನ ಮೇಲೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು.

ಬೆಳಿಗ್ಗೆ ಅವನು ಮಾತಿಲ್ಲದೆ ಶರ್ಟು ತೊಟ್ಟ. ಕನ್ನಡಿಯ ಮುಂದೆ ಕಾಲರು ಸರಿಮಾಡಿಕೊಂಡ. ಅವಳು ಚಹಾ ಲೋಟದ ಹಿಂದಿನಿಂದ ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಅವು ಆ ಹೊಲಿಗೆಯ ಬಳಿ ನಿಲ್ಲಲಿಲ್ಲ. ಅವನು ಹೋದ.

ಅವಳಿಗೆ ಆ ದಿನ ಮಧ್ಯಾಹ್ನದ ಪಾಳಿ. ಪಾತ್ರೆ ತಿಕ್ಕುತ್ತಾ ಅವಳು ಒಂದೊಂದೇ ದೃಶ್ಯ ಮನಸ್ಸಿನಲ್ಲಿ ಮಾಡಿಕೊಂಡಳು. ಅವನು ತಡವರಿಸುವುದು. ಮೇಜಿನಾಚೆಯವರು ಕಾಗದ ಮಡಚುವುದು. ಸಿಗದಿರಲಿ, ಎಂದುಕೊಂಡಳು. ಒಮ್ಮೆಯಲ್ಲ, ಪಾತ್ರೆಗೊಂದು ಸಲ. ಬಂದು ನನ್ನ ಮುಂದೆ ನಿಲ್ಲಲಿ. ಆಗ ಶರ್ಟು ಬಿಚ್ಚಿಸಿ ಕಾಲರು ಹರಿದು ತೋರಿಸುತ್ತೇನೆ.

ಹತ್ತು ಗಂಟೆಗೆ ಅತ್ತೆಯ ಫೋನು ಬಂತು.

“ಹೋದ್ನಾ, ಮಗಳೇ?”

“ಹೋದ್ರು, ಅತ್ತೆ.”

“ತಲೆಗೆ ನೀರು ಹಾಕ್ಕೊಂಡ್ನಾ?”

“ಒಂಬತ್ತು ಸಲ. ಎಣಿಸಿದೆ.”

ಅತ್ತೆ ದನಿ ತಗ್ಗಿಸಿದಳು. ರಾತ್ರಿ ಮಗನ ಮೂಲಕ ಹೇಳಿಸಿದ ಮಾತಿನ ಬಿರುಸು ಅದರಲ್ಲಿರಲಿಲ್ಲ. “ಅವನಿಗೆ ಹೇಳಬೇಡ. ವಾರ್ಡಿನವರು ನಿನ್ನೆ ಸೈನ್ಯಕ್ಕೆ ಸೇರಿಸೋರ ಪಟ್ಟಿ ಹಿಡ್ಕೊಂಡು ಮತ್ತೆ ಬಂದಿದ್ರು. ಇವನ ಹೆಸರಿನ ಕೆಳಗೆ ಗೆರೆ ಎಳೆದಿದಾರೆ. ಎದುರು ಮನೆ ಬಡಗಿಯ ಮಗನನ್ನ ಕರ್ಕೊಂಡು ಹೋಗಿ ಎರಡು ತಿಂಗಳಾಯ್ತು. ಮೊನ್ನೆ ಅವನ ಚಪ್ಪಲಿ ಮಾತ್ರ ಮನೆಗೆ ಕಳಿಸಿದಾರೆ.”

ಸಬೇ ನಲ್ಲಿ ನಿಲ್ಲಿಸಿದಳು. ಅತ್ತೆ ಇನ್ನೂ ಏನೋ ಹೇಳುತ್ತಿದ್ದಳು. ಫೋನು ಇಟ್ಟೊಡನೆ ಸಬೇ ಗಂಡನಿಗೆ ಕರೆ ಮಾಡಿದಳು. ಆಫ್ ಆಗಿತ್ತು. ಇಂಟರ್‌ವ್ಯೂ ಅಲ್ಲವೇ, ಆಫ್ ಇರಲೇಬೇಕು. ಮತ್ತೆ ಮಾಡಿದಳು. ಸಿಕ್ಕಿದ್ದರೆ ಏನು ಹೇಳುತ್ತಿದ್ದಳೋ ಅವಳಿಗೇ ತಿಳಿಯದು. ಶರ್ಟು ಬಿಚ್ಚು ಎಂದೇ? ಅವಳು ಓದಿದ ಹುಡುಗಿ, ಬಟ್ಟೆಯ ತುಂಡಿಗೆ ಏನೂ ಆಗುವುದಿಲ್ಲವೆಂದು ಬಲ್ಲಳು. ಆದರೂ ಪಾತ್ರೆಗೊಂದು ಸಲ ಅಂದುಕೊಂಡ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ತಿಳಿಯದೆ ಒದ್ದೆ ಕೈಯಲ್ಲೇ ನಿಂತಿದ್ದಳು.

ಹನ್ನೊಂದೂವರೆಗೆ ಬಾಗಿಲ ಬೀಗ ತಿರುಗಿತು. ಅವನ ಕೈಯಲ್ಲಿ ಊರಿನವರ ಅಂಗಡಿಯಿಂದ ತಂದ ಚಹಾ ಎಲೆಯ ಪಲ್ಯದ ಪೊಟ್ಟಣ.

“ಸಿಕ್ತು,” ಎಂದ. “ಹಡಗು ರಿಪೇರಿ ಯಾರ್ಡಲ್ಲಿ ನಕ್ಷೆ ಬರೆಯೋ ಕೆಲಸ. ನಾಳೆಯೇ ಕೆಲಸದ ಪಾಸ್‌ಗೆ ಅರ್ಜಿ ಹಾಕ್ತಾರಂತೆ.”

ಅವಳು ಕುರ್ಚಿ ಎಳೆದು ಕುಳಿತಳು. ಅವನು ನೀರು ಕುಡಿದು, ಪೊಟ್ಟಣ ಬಿಚ್ಚಿ, ಹುರಿದ ಕಡಲೆ ಬಾಯಿಗೆ ಹಾಕಿಕೊಂಡ.

“ಅಮ್ಮನ ಪುಣ್ಯ ನೋಡು. ತಲೆಗೆ ನೀರು ಹಾಕ್ಕೊಂಡೆನಲ್ಲ, ಒಳಗೆ ಹೋಗಿ ಕೂತಾಗ ಭಯವೇ ಆಗಲಿಲ್ಲ. ಕತ್ತಿನ ಹಿಂದೆ ಯಾರೋ ಕೈ ಇಟ್ಟ ಹಾಗಿತ್ತು.” ಅವನು ಅವಳ ತಲೆ ತಟ್ಟಿದ. “ನಿನ್ನೆಯದಕ್ಕೆ ನಿನ್ನ ಮೇಲೆ ನಂಗೆ ಸಿಟ್ಟಿಲ್ಲ, ಬಿಡು. ಕ್ಷಮಿಸಿದೀನಿ. ಇನ್ನು ಮುಂದೆ ಜೋಪಾನ ಅಷ್ಟೆ.”

ಕ್ಷಮಿಸಿದೀನಿ. ಹೋಗಿದ್ದ ಸಿಟ್ಟೆಲ್ಲ ಹಿಂದಿರುಗಿತು. ಹೇಳಿಬಿಡಬಹುದು. ಎದ್ದು ನಿಂತು, ಕಾಲರು ತಿರುಗಿಸಿ, ನಿನ್ನ ಕತ್ತಿನ ಹಿಂದೆ ಕೈ ಇಟ್ಟದ್ದು ಯಾರೆಂದು ನೋಡು ಎನ್ನಬಹುದು. ಅವನ ಮುಖ ಆಗ ಹೇಗಾಗುತ್ತದೆಂದು ಅವಳು ಕಣ್ಣಾರೆ ಕಂಡಳು. ಅದರ ಹಿಂದೆಯೇ ಅವನು ಕೇಳುವ ಪ್ರಶ್ನೆಯೂ ಕೇಳಿಸಿತು: ನಂಗೆ ಒಳ್ಳೇದಾಗ್ಲಿ ಅಂತ ಹೊಲಿದೆಯಾ, ಕೆಟ್ಟದ್ದಾಗ್ಲಿ ಅಂತಾನಾ?

“ಶರ್ಟು ಒಗೆದಿಡು,” ಎಂದ ಅವನು ಗುಂಡಿ ಬಿಚ್ಚುತ್ತಾ. “ಮೊದಲ ದಿನ ಇದನ್ನೇ ಹಾಕ್ಕೊಂಡು ಹೋಗ್ತೀನಿ. ಅದೃಷ್ಟದ ಶರ್ಟು.”

“ಕೊಡು.”

ಅವಳು ಶರ್ಟನ್ನೂ ಟಮೇನನ್ನೂ ಒಟ್ಟಿಗೆ ಒಗೆಯುವ ಯಂತ್ರಕ್ಕೆ ಹಾಕಿದಳು. ಒಣಹಾಕುವ ಹೊತ್ತಿಗೆ ಮನೆಯ ಒಡತಿ ಆಂಟಿ ಸ್ಯೂ ಎಂದಿನಂತೆ ಕೈ ಜೋಡಿಸಲು ಬಂದು, ಟಮೇನಿನ ಅಂಚನ್ನು ಬೆಳಕಿಗೆ ಹಿಡಿದರು.

“ಅಯ್ಯೋ, ಇಲ್ಲೊಂದು ತುಂಡೇ ಇಲ್ವಲ್ಲ. ಕತ್ತರಿಸಿದ ಹಾಗಿದೆ. ಏನಾಯ್ತು?”

ಬಾಗಿಲಾಚೆ ಗಂಡ ಅಮ್ಮನ ಜೊತೆ ಫೋನಿನಲ್ಲಿ ನಗುತ್ತಿದ್ದ. ಸಬೇ ಒಂದು ಕ್ಷಣ ಆ ನಗು ಕೇಳಿಸಿಕೊಂಡಳು. ಅವನಿಗೆ ಹೇಳುವುದಿಲ್ಲ, ಅತ್ತೆಗೂ ಇಲ್ಲ. ತಾನು ಎಲ್ಲವನ್ನೂ ಹೇಳಿಕೊಳ್ಳುವ ಅಮ್ಮನಿಗೂ ಇಲ್ಲ. ಹೊಲಿದದ್ದನ್ನೂ ಇಲ್ಲ, ಪಾತ್ರೆ ತಿಕ್ಕುತ್ತಾ ಬಯಸಿದ್ದನ್ನಂತೂ ಇಲ್ಲವೇ ಇಲ್ಲ.

“ಹಳೇದು, ಆಂಟಿ. ಹರಿದುಹೋಯ್ತು,” ಎಂದು ಹೇಳಿ, ಟಮೇನನ್ನು ಅವರ ಕೈಯಿಂದ ತೆಗೆದುಕೊಂಡು ಮೇಲಿನ ಗಳಕ್ಕೆ ಹಾಕಿದಳು.