ಹೊಸಬರಿಗೆ ಹೇಳಬೇಕಾದ ಮಾತು

ಸಭಾಭವನದ ಹಿಂದಿನ ಗೋಡೆಯ ಮೇಲೆ ನಮ್ಮ ಊರಿನ ದೊಡ್ಡ ಚಿತ್ರವೊಂದಿತ್ತು. ಎಡಗಡೆ ಕೆಂಪಗೆ ಉರಿಯುವ ಕಬ್ಬಿಣದ ಭಟ್ಟಿ, ಅದರ ಪಕ್ಕ ಆಳೆತ್ತರದ ಗಾಜಿನ ಬಾಟಲಿ, ಆಮೇಲೆ ಸಿಮೆಂಟಿನ ಚೀಲಗಳ ರಾಶಿ, ಬಲತುದಿಯಲ್ಲಿ ಒಂದು ನೀಲಿ ಮೋಟಾರು ಕಾರು. ಕೆಲಸ ಹುಡುಕಿಕೊಂಡು ರೈಲಿಳಿದ ಹೊಸಬರನ್ನು ತಿಂಗಳಿಗೊಮ್ಮೆ ಅಲ್ಲಿ ಕೂಡಿಸುತ್ತಿದ್ದರು. ಅವರು ತಮ್ಮ ಹಾಸಿಗೆಯ ಸುರುಳಿಗಳ ಮೇಲೆಯೇ ಕುಳಿತು ಆ ಚಿತ್ರವನ್ನು ಬಾಯಿ ತೆರೆದು ನೋಡುತ್ತಿದ್ದರು. ಒಂದೊಂದು ಕಾರ್ಖಾನೆಯಿಂದ ಒಬ್ಬೊಬ್ಬರು ಎದ್ದು ತಮ್ಮ ಕೆಲಸದ ವಿಷಯ ಹೇಳಬೇಕು. ಕೇಳಿದ ಮೇಲೆ ಹೊಸಬರು ತಮಗೆ ಒಪ್ಪಿದ ಕಾರ್ಖಾನೆಯ ಮೇಜಿಗೆ ಹೋಗಿ ಹೆಸರು ಬರೆಸಬೇಕು.

ಹನ್ನೊಂದು ವರ್ಷ ನಮ್ಮ ಕಾರ್ಖಾನೆಯ ಪರವಾಗಿ ಮಾತಾಡಿದವಳು ನಾನು. ನಮ್ಮದು ಕಾರಿನೊಳಗಿನ ವೈರುಗಳ ಕಂತೆ ಕಟ್ಟುವ ಕೆಲಸ. ಹಲಗೆಯ ಮೊಳೆಗಳ ನಡುವೆ ಬಣ್ಣಬಣ್ಣದ ವೈರು ಹಾಸುವವರು ಕೆಲವರು, ಅದಕ್ಕೆ ಟೇಪು ಬಿಗಿದು ಸುತ್ತುವವರು ಕೆಲವರು. ಸಭೆಯಲ್ಲಿ ಭಟ್ಟಿಯವರು ಸಂಬಳದ ಬಡಾಯಿ ಕೊಚ್ಚುತ್ತಿದ್ದರು. ಗಾಜಿನವರು ಅಜ್ಜನ ಕಾಲದಿಂದ ಉಳಿಸಿಕೊಂಡ ಹೆಸರನ್ನು ಹೇಳುತ್ತಿದ್ದರು. ಸಿಮೆಂಟಿನವರು ಕೆಮ್ಮು ತಡೆದುಕೊಂಡು, ಇರಲು ಮನೆ ಕೊಡುತ್ತೇವೆ ಎನ್ನುತ್ತಿದ್ದರು. ಕೊನೆಗೆ ನಾನು ಎದ್ದು ಆ ನೀಲಿ ಕಾರಿನ ಕಡೆ ಗೋಣು ತಿರುಗಿಸಿ, "ಆ ಗಾಡಿ ಮೈಯಾಗಿನ ನರ ಅಷ್ಟೂ ನಮ್ಮ ಹೆಣಮಕ್ಕಳು ಕಟ್ಟಿದ್ವು" ಎನ್ನುತ್ತಿದ್ದೆ. ಅಷ್ಟಕ್ಕೇ ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆ ದಿನ ಮನೆಯಲ್ಲಿ ಬರೀ ರೊಟ್ಟಿ, ಖಾರವಿದ್ದರೂ ನನಗೆ ರುಚಿಯಾಗಿರುತ್ತಿತ್ತು.

ಮಹಾನಂದಾ ಇದೇ ಮಾತು ಕೇಳಿ ನಮ್ಮಲ್ಲಿಗೆ ಬಂದವಳು. ಟೇಪು ಸುತ್ತುವುದನ್ನು ಅವಳಿಗೆ ಕಲಿಸಿದವಳೂ ನಾನೇ. ನಾಲ್ಕು ವರ್ಷ ಕಳೆದಿರಲಿಲ್ಲ, ನಮ್ಮ ಮ್ಯಾನೇಜರು ಹಂಚಿನಮನಿ ಸಾಹೇಬರು ನನ್ನನ್ನು ಕರೆದು, "ಈ ಸಲ ಮಹಾನಂದಾ ಮಾತಾಡ್ಲಿ. ನೀವೂ ಎಷ್ಟ ವರ್ಷ ಅಂತ ಅದನ್ನ ಹೇಳ್ತೀರಿ?" ಎಂದುಬಿಟ್ಟರು.

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಉದ್ದ ಎಂಬ ಗಾದೆಯನ್ನು ಅದುವರೆಗೆ ಬೇರೆಯವರಿಗೆ ಅನ್ವಯಿಸಿ ನಕ್ಕಿದ್ದೆ. ಈಗ ಆ ಕಿವಿ ನಾನಾಗಿದ್ದೆ. ಹೊಟ್ಟೆಕಿಚ್ಚು ಎಂದರೆ ಏನೆಂದು ಆ ವಾರ ತಿಳಿಯಿತು. ಅವಳು ನಕ್ಕರೆ ನನಗೆ ಉರಿ, ಅವಳು ಜಡೆಗೆ ಹೂ ಮುಡಿದರೆ ಉರಿ. ಅವಳ ನೆಟ್ಟನೆಯ ಬೆರಳಲ್ಲಿದ್ದ ಅಗ್ಗದ ಉಂಗುರವನ್ನು ಕಂಡರೂ ಮೈಯೆಲ್ಲ ಉರಿಯುತ್ತಿತ್ತು.

ಸಭೆಗೆ ಎರಡು ದಿನವಿದ್ದಾಗ ಅವಳು ಬುತ್ತಿ ಹಿಡಿದು ನನ್ನ ಪಕ್ಕ ಬಂದು ಕುಳಿತಳು.

"ಅಕ್ಕಾರ, ನನಗ ಈಗಿಂದನ ಎದಿ ಡವಡವ ಅಂತೈತ್ರಿ. ನಿಮ್ಮ ನರದ ಮಾತು ನಾನೂ ಹೇಳ್ಲೇನ್ರಿ?"

"ಬ್ಯಾಡ," ಎಂದೆ. "ಅದು ಹಳೇದಾತು. ನೀ ಖರೇ ಹೇಳು. ಟೇಪ್ ಸುತ್ತಿ ಸುತ್ತಿ ಐದಾರ ವರ್ಷಕ್ಕ ಬೆರಳು ಸೊಟ್ಟ ಆಗ್ತಾವ ಅಂತ ಹೇಳು. ಖರೇ ಹೇಳಿದವರನ್ನ ಮಂದಿ ಮರಿಯೂದಿಲ್ಲ."

ಅವಳ ತುತ್ತು ಕೈಯಲ್ಲೇ ಉಳಿಯಿತು. "ಸಾಹೇಬರು ಸಿಟ್ಟಾಗೂದಿಲ್ರಿ?"

"ಯಾಕ ಆಗ್ತಾರ? ನಾ ಅದೀನಲ್ಲ."

ನನ್ನ ಲೆಕ್ಕಾಚಾರ ಸರಳವಾಗಿತ್ತು. ಆ ಒಂದು ಮಾತು ಕೇಳಿದರೆ ನಮ್ಮ ಮೇಜಿನ ಹತ್ತಿರ ನರಪಿಳ್ಳೆಯೂ ಸುಳಿಯುವುದಿಲ್ಲ. ಸಾಹೇಬರು ಅವಳನ್ನು ಮತ್ತೆ ವೇದಿಕೆ ಹತ್ತಿಸುವುದಿಲ್ಲ. ಮೈಕು ತಾನಾಗಿ ನನ್ನ ಕೈಗೆ ಮರಳುತ್ತದೆ. ಆ ದಿನ ಬುತ್ತಿಯನ್ನು ಪೂರ್ತಿ ಉಂಡೆ.

ಸಭೆಯ ದಿನ ಮುಂದಿನ ಸಾಲಿನಲ್ಲೇ ಕುಳಿತೆ. ಅವಳು ಬೀಳುವುದನ್ನು ಹತ್ತಿರದಿಂದ ನೋಡುವ ಆಸೆ ನನ್ನದು. ಮಹಾನಂದಾ ಎದ್ದು ಗೋಡೆಯ ಚಿತ್ರದ ಕಡೆ ಬೆರಳು ತೋರಿಸಿದಳು.

"ಆ ಗಾಡಿ ಒಳಗ ನಮ್ಮ ಕೆಲಸ ಐತ್ರಿ, ಹೊರಗ ಕಾಣೂದಿಲ್ಲ. ನಮ್ಮ ಕೆಲಸದಾಗ ಕಾಣದ್ದು ಇನ್ನೊಂದೈತಿ." ಹೀಗೆಂದು ಬೆರಳಿನ ವಿಷಯವನ್ನು ನಾನು ಹೇಳಿಕೊಟ್ಟಂತೆಯೇ ಹೇಳಿದಳು. ಸಾಹೇಬರು ಕುರ್ಚಿಯಿಂದ ಅರ್ಧ ಎದ್ದರು. ಮುಗೀತು ಇವಳ ಕತೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

"ನನ್ನ ಬೆರಳು ಇನ್ನೂ ನೆಟ್ಟಗ ಅದಾವ್ರಿ. ನಮ್ಮ ಅಕ್ಕಾರ ಕೈ ನೋಡ್ರಿ, ತಿಳೀತೈತಿ. ಅಕ್ಕಾರ, ಮ್ಯಾಲ ಬರ್ರಿ."

ಹನ್ನೊಂದು ವರ್ಷವೂ ನಾನು ಆ ವೇದಿಕೆಯ ಮೇಲೆ ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡೇ ಮಾತಾಡಿದ್ದೆ. ಅಷ್ಟು ಜನರ ಎದುರು ಬರುವುದಿಲ್ಲ ಎನ್ನಲಾಗಲಿಲ್ಲ. ಹೋಗಿ ನಿಂತೆ. ಮಹಾನಂದಾ ನನ್ನ ಕೈಯನ್ನು ಮೆತ್ತಗೆ ಹೊರಗೆ ತೆಗೆದು ಎತ್ತಿ ಹಿಡಿದಳು. ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳುಗಳೂ ಮಡಚಿದ ಹಾಗೆಯೇ ನಿಂತಿದ್ದವು.

ಹಾಸಿಗೆಯ ಸುರುಳಿಯ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಕೇಳಿದಳು, "ಇಷ್ಟ ಆಗೂತನಾ ನೀವ್ಯಾರೂ ಏನೂ ಕೇಳಲಿಲ್ಲೇನವಾ?"

ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಅದಕ್ಕಾಗಿ ಎಷ್ಟು ಹಂಬಲಿಸಿದ್ದೆ! ಆದರೆ ನಾಲಿಗೆಗೆ ಬಂದದ್ದು ಅದೇ ನರದ ಮಾತು. ಅದನ್ನೇ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಹಾನಂದಾ ಮುದುಕಿಗೆ ಉತ್ತರ ಕೊಟ್ಟಳು. "ಈಗ ಕೇಳೂಣ್ರಿ ಆಯಿ. ಒಂದ ತಿಂಗಳ ಟೇಪ್ ಸುತ್ತೂದು, ಒಂದ ತಿಂಗಳ ವೈರ್ ಹಾಸೂದು. ಕೆಲಸ ಬದಲಾದ್ರ ಬೆರಳು ಉಳೀತಾವ. ಸಾಹೇಬರು ಹೂಂ ಅಂದ್ರಷ್ಟ ಹೆಸರ ಬರಸ್ರಿ."

ಎಲ್ಲರ ಮುಖ ಸಾಹೇಬರ ಕಡೆ ತಿರುಗಿತು. ಉಳಿದ ಮೂರು ಕಾರ್ಖಾನೆಯವರೂ ಕಿವಿ ನಿಮಿರಿಸಿ ಕುಳಿತಿದ್ದರು. ಸಾಹೇಬರು ಹಣೆ ಒರೆಸಿಕೊಂಡು, "ಆತು, ಹಂಗ ಮಾಡೂಣು," ಎಂದರು.

ಇಷ್ಟೇ ಇತ್ತು. ಹದಿನೆಂಟು ವರ್ಷ ದುಡಿದ ನನ್ನ ಬಾಯಿಗೆ ಈ ಮಾತು ಒಮ್ಮೆಯೂ ಬಂದಿರಲಿಲ್ಲ. ನನ್ನ ಚಂದದ ಮಾತು ಕೇಳಿ ಹೆಸರು ಬರೆಸಿದ ಎಷ್ಟೋ ಹೆಂಗಸರು ಈಗ ಬಳೆ ತೊಡುವಾಗ ಹಲ್ಲು ಕಚ್ಚುತ್ತಾರೆ. ಅವರ ನೆನಪು ಬರುವ ಮೊದಲೇ, ಇದನ್ನೂ ಇವಳೇ ಹೇಳಿಬಿಟ್ಟಳಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ನಾಚಿಕೆ ಬಂದದ್ದು ಅದರ ಹಿಂದೆ.

"ಖರೇ ಹೇಳು ಅಂತ ನನಗ ಧೈರ್ಯ ಕೊಟ್ಟವರ ಈ ಅಕ್ಕಾರ ನೋಡ್ರಿ," ಎಂದಳು ಮಹಾನಂದಾ.

ಸಭೆಯೆಲ್ಲ ಎದ್ದು ನಿಂತಿತು. ಅಂಥ ಚಪ್ಪಾಳೆ ನನಗೆ ಆ ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ನಿಜ ಹೇಳಿಬಿಡಬೇಕೆಂದು ತೆರೆದ ಬಾಯಿಯನ್ನು ಮತ್ತೆ ಮುಚ್ಚಿ ಕೈ ಮುಗಿದೆ. ಅಂಗೈಗಳು ಕೂಡಿದವು, ಬೆರಳುಗಳು ಕೂಡಲಿಲ್ಲ. ಆ ಸಂದಿಯಲ್ಲಿ ಮಹಾನಂದಾ ಕಾಣುತ್ತಿದ್ದಳು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ.